ರಾತ್ರಿಗಣ್ಣು: ಜೋಡಣೆ ಮತ್ತು ಬಳಕೆಯ ಕೈಪಿಡಿ (ಗ್ರೀನ್‌ಫರ್ಡ್ ಆವೃತ್ತಿ)

ಕೆಲಸ ಶುರುಮಾಡುವ ಮೊದಲು ಕೈಪಿಡಿಯನ್ನು ಪೂರ್ತಿ ಓದಿ. ಯಾರೂ ಓದುವುದಿಲ್ಲವೆಂದು ಗೊತ್ತಿರುವುದರಿಂದ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇವೆ. ರೈಫಲ್ಲಿನ ಸ್ಕೋಪಿಗೆ ಹಿಂದಿನಿಂದ ಸಿಕ್ಕಿಸುವ ಕ್ಯಾಮೆರಾ, ಅದರ ಮೇಲೊಂದು ಪುಟ್ಟ ಪರದೆ, ಪಕ್ಕದಲ್ಲಿ ಕಣ್ಣಿಗೆ ಕಾಣದ ಬೆಳಕು ಚೆಲ್ಲುವ ಟಾರ್ಚು, ಇಷ್ಟೇ ಉಪಕರಣ. ಕತ್ತಲಲ್ಲಿ ಪ್ರಾಣಿ ಕಾಣುತ್ತದೆ. ಪ್ರಾಣಿ ಇದ್ದರೆ.

ಸೊನ್ನೆಯ ಹಂತ: ರೈಫಲ್ ತೆಗೆದುಬಿಡಿ

ಗ್ರೀನ್‌ಫರ್ಡ್ ಲಂಡನ್ನಿನ ಪಶ್ಚಿಮಕ್ಕೆ, ಈಲಿಂಗ್ ಕೌನ್ಸಿಲ್ಲಿಗೆ ಸೇರಿದ ಊರು. ಎ40 ಹೆದ್ದಾರಿ, ಗ್ರ್ಯಾಂಡ್ ಯೂನಿಯನ್ ಕಾಲುವೆ, ಸಾಲುಸಾಲು ಮನೆಗಳು, ಪ್ರತಿ ಮನೆಯ ಹಿಂದೆ ಎರಡು ಚಾಪೆ ಹಾಸಿದಷ್ಟು ಹಿತ್ತಲು. ಇಲ್ಲಿ ರೈಫಲ್ ಇಟ್ಟುಕೊಳ್ಳಲು ಪೊಲೀಸರ ಸರ್ಟಿಫಿಕೇಟ್ ಬೇಕು, ಅರ್ಜಿಯಲ್ಲಿ ತಕ್ಕ ಕಾರಣ ಕೊಡಬೇಕು. ‘ಸ್ಕೋಪಿನ ಹಿಂದೆ ಕ್ಯಾಮೆರಾ ಕೂರಿಸಿಯಾಗಿದೆ, ಕೆಳಗೆ ಏನಾದರೂ ಬೇಕಲ್ಲ’ ಎಂಬುದು ತಕ್ಕ ಕಾರಣವಲ್ಲ. 12 ಅಡಿ-ಪೌಂಡಿಗಿಂತ ಕಡಿಮೆ ಶಕ್ತಿಯ ಏರ್ ರೈಫಲ್ಲಿಗೆ ಇಂಗ್ಲೆಂಡಿನಲ್ಲಿ ಸರ್ಟಿಫಿಕೇಟ್ ಬೇಡ, ನಿಜ. ಆದರೆ ಅದರ ಗುಂಡು ನಿಮ್ಮ ಬೇಲಿ ದಾಟಿದರೆ ಅಪರಾಧ. ಕಾರಣವಿಲ್ಲದೆ ಅದನ್ನು ಹೆಗಲಿಗೇರಿಸಿ ಬೀದಿಗಿಳಿದರೆ 1968ರ ಫೈರ್‌ಆರ್ಮ್ಸ್ ಕಾಯಿದೆಯ ಪ್ರಕಾರ ಇನ್ನೊಂದು ಅಪರಾಧ. ಮೇಲಾಗಿ ಕಾಡುಹಕ್ಕಿಗಳನ್ನೂ ಹೆಡ್ಜ್‌ಹಾಗ್‌ನಂಥ ಪ್ರಾಣಿಗಳನ್ನೂ ಕೊಲ್ಲಲು ರಾತ್ರಿ ಗುರಿಹಿಡಿಯುವ ಸಾಧನ ಬಳಸಬಾರದೆಂದು 1981ರ ವನ್ಯಜೀವಿ ಕಾಯಿದೆ ಹೆಸರಿಟ್ಟೇ ಹೇಳಿದೆ. ನಿಮ್ಮ ಹಿತ್ತಲಿಗೆ ಬರುವ ಹೆಡ್ಜ್‌ಹಾಗ್ ನಿಮಗಿಂತ ಭದ್ರವಾಗಿದೆ.

ಕೊಡಗಿನ ಬಳಕೆದಾರರ ಗಮನಕ್ಕೆ: ಬ್ರಿಟಿಷರ ಕಾಲದಿಂದ ನಿಮಗಿರುವ ಕೋವಿ ಲೈಸೆನ್ಸಿನ ವಿನಾಯಿತಿಯನ್ನು ಭಾರತ ಸರ್ಕಾರ 2029ರವರೆಗೆ ಮುಂದುವರಿಸಿದೆ. ಕೊಟ್ಟವರು ಬ್ರಿಟಿಷರೇ ಆದರೂ ಅದು ಬ್ರಿಟನ್ನಿನಲ್ಲಿ ನಡೆಯದು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸುವ ಶಾಸ್ತ್ರವನ್ನು ವಿರಾಜಪೇಟೆಯಲ್ಲೇ ಮುಗಿಸಿ ವಿಮಾನ ಹತ್ತಿ.

ಮಲೆನಾಡಿನ ಬಳಕೆದಾರರ ಗಮನಕ್ಕೆ: ಮರಸು ಕೂತು, ತಲೆಗೆ ಬ್ಯಾಟರಿ ಕಟ್ಟಿಕೊಂಡು ಹಂದಿ ಹೊಡೆದ ಅಜ್ಜನ ಕಥೆ ಪ್ರತಿ ಮನೆಯಲ್ಲೂ ಒಂದಿರುತ್ತದೆ. ಆ ಕಥೆ ಭಾರತದ 1972ರ ವನ್ಯಜೀವಿ ಕಾಯಿದೆಯ ನಂತರದ್ದಾದರೆ ಇಸವಿ ಹೇಳಬೇಡಿ.

ಈಗ ನಿಮ್ಮ ಕೈಯಲ್ಲಿ ಉಳಿದದ್ದು ಸ್ಕೋಪು ಮಾತ್ರ. ಅದನ್ನೇ ಬಳಸಬಹುದು, ಆದರೆ ಮರಿಗೆ ಹಾಲೂಡುತ್ತಿರುವ ನರಿಯ ಹಣೆಯ ಮೇಲೆ ಗುರಿಯ ಅಡ್ಡಗೆರೆ ಕೂತದ್ದನ್ನು ಕಂಡ ನಿಮ್ಮ ಮಗಳು ಕೇಳುವ ಪ್ರಶ್ನೆಗೆ ಈ ಕೈಪಿಡಿ ಜವಾಬ್ದಾರಿಯಲ್ಲ. ಹಕ್ಕಿ ನೋಡುವವರ ದುರ್ಬೀನು ಮೇಲು.

ಸಾಮಗ್ರಿ

ಸೆಕ್ಯೂರಿಟಿ ಕ್ಯಾಮೆರಾದೊಳಗಿನ ಪುಟ್ಟ ಬೋರ್ಡು, ಕಾರು ಹಿಂದಕ್ಕೆ ತೆಗೆಯುವಾಗ ನೋಡುವ 4.3 ಇಂಚಿನ ಪರದೆ, 12 ವೋಲ್ಟಿನ ಬ್ಯಾಟರಿ, ಇನ್‌ಫ್ರಾರೆಡ್ ಟಾರ್ಚು, ಸಿಂಕಿನ ಕೆಳಗಿರುವಂಥ ಪ್ಲಾಸ್ಟಿಕ್ ಪೈಪಿನ ತುಂಡು, ಕಪ್ಪು ಇನ್ಸುಲೇಷನ್ ಟೇಪು. ಪೈಪನ್ನು ಅಂಗಡಿಯಿಂದ ತನ್ನಿ, ಸಿಂಕಿನ ಕೆಳಗಿನಿಂದಲ್ಲ.

ಮೊದಲ ಹಂತ: ಕಣ್ಣು ಕಟ್ಟಿದ್ದನ್ನು ಬಿಚ್ಚುವುದು

ಕ್ಯಾಮೆರಾದ ಸಿಲಿಕಾನ್ ಸೆನ್ಸರಿಗೆ ಕೆಂಪಿನಾಚೆಯ ಬೆಳಕೂ ಕಾಣುತ್ತದೆ. ಅದು ಕಂಡರೆ ಹಗಲಿನ ಬಣ್ಣ ಕೆಡುತ್ತದೆಂದು ಲೆನ್ಸಿನ ಹಿಂದೆ ಒಂದು ತಡೆಗಾಜು ಇಟ್ಟಿರುತ್ತಾರೆ. ಅದಿಲ್ಲದ ಬೋರ್ಡನ್ನೇ ಕೊಳ್ಳಿ. ಚಾಕುವಿನ ಮೊನೆಯಿಂದ ಕೀಳಹೋದವರ ಬಳಿ ಈಗ ಚಾಕು ಮಾತ್ರ ಉಳಿದಿದೆ.

ಈ ಕಾಣದ ಬೆಳಕು ಈ ಭಾಗದ್ದೇ. ಗ್ರೀನ್‌ಫರ್ಡಿನಿಂದ ಪಶ್ಚಿಮಕ್ಕೆ ಹೋದರೆ ಸ್ವಲ್ಪ ದೂರದಲ್ಲಿ ಸ್ಲೌ ಸಿಗುತ್ತದೆ. ಅಲ್ಲಿ ನೆಲೆಸಿದ್ದ ವಿಲಿಯಂ ಹರ್ಷೆಲ್ 1800ರಲ್ಲಿ ಪಟ್ಟಕದಿಂದ ಬಿಸಿಲನ್ನು ಒಡೆದು, ಒಂದೊಂದು ಬಣ್ಣಕ್ಕೂ ಥರ್ಮಾಮೀಟರ್ ಹಿಡಿದ. ಕೆಂಪಿನ ಆಚೆ, ಏನೂ ಇಲ್ಲದ ಜಾಗದಲ್ಲಿ ಪಾದರಸ ಇನ್ನೂ ಮೇಲೇರಿತು. ಆ ಬೆಳಕನ್ನು ಬಂದೂಕಿಗೆ ಕಟ್ಟುವ ಬುದ್ಧಿ ಬರಲು ನೂರೈವತ್ತು ವರ್ಷವೂ ಬೇಕಾಗಲಿಲ್ಲ. 1945ರಲ್ಲಿ ಜರ್ಮನ್ ಸೈನಿಕರು ‘ವ್ಯಾಂಪೈರ್’ ಎಂಬ ಸಾಧನ ಹೊತ್ತಿದ್ದರು: ದೀಪ ರೈಫಲ್ಲಿನ ಮೇಲೆ, ಬ್ಯಾಟರಿ ಬೆನ್ನಿನ ಮೇಲೆ. ಅದಕ್ಕೊಂದು ಹುಟ್ಟುದೋಷವಿತ್ತು. ಎದುರಾಳಿಯ ಹತ್ತಿರವೂ ಅಂಥದೇ ಇದ್ದರೆ ಮೊದಲು ಕಾಣುವವನು ದೀಪ ಹಿಡಿದವನೇ.

ಆ ದೋಷ ನಿಮ್ಮ ಉಪಕರಣದಲ್ಲೂ ಇದೆ. ಟಾರ್ಚು ಎರಡು ಬಗೆ. 850 ನ್ಯಾನೋಮೀಟರಿನದು ದೂರ ಹೋಗುತ್ತದೆ, ಆದರೆ ಮಂದವಾಗಿ ಕೆಂಪಗೆ ಹೊಳೆಯುತ್ತದೆ. 940ರದು ಬರಿಗಣ್ಣಿಗೆ ಕಾಣುವುದೇ ಇಲ್ಲ, ಸೆನ್ಸರಿಗೂ ಅಷ್ಟಾಗಿ ಕಾಣುವುದಿಲ್ಲ. 940 ಕೊಂಡವರು ತಾವು ಕತ್ತಲಲ್ಲಿ ಕರಗಿಹೋದೆವೆಂದು ನಂಬುತ್ತಾರೆ. ಬೀದಿಯ ಬಾಗಿಲುಗಳಿಗೆ ಈಗ ಬೆಲ್ ಬದಲು ಕ್ಯಾಮೆರಾ ಬಂದಿದೆ. ರಾತ್ರಿ ಅವು ನೋಡುವುದೂ ಇದೇ ಬೆಳಕಿನಲ್ಲಿ. ಎದುರುಮನೆಯವರ ಫೋನಿನಲ್ಲಿ ನೀವು ಫ್ಲಡ್‌ಲೈಟ್ ಹಿಡಿದು ನಿಂತ ಮನುಷ್ಯ. ಆದ್ದರಿಂದ ಟಾರ್ಚು ಸದಾ ನೆಲಕ್ಕೆ ಬಾಗಿರಲಿ, ಯಾರ ಕಿಟಕಿಯತ್ತಲೂ ತಿರುಗದಿರಲಿ. ಯಾರೂ ಅದರೊಳಗೆ ಇಣುಕದಿರಲಿ: ಬೆಳಕು ಕಾಣದಿರುವುದರಿಂದ ರೆಪ್ಪೆ ಮುಚ್ಚುವುದಿಲ್ಲ, ಕಣ್ಣಿಗೆ ಪೆಟ್ಟು ಬಿದ್ದದ್ದು ತಿಳಿಯುವುದಿಲ್ಲ.

ಎರಡನೆಯ ಹಂತ: ಟೇಪು ಸುತ್ತುವುದು

ಸುತ್ತಿ. ಇನ್ನೂ ಸುತ್ತಿ.

ಮೂರನೆಯ ಹಂತ: ಪರೀಕ್ಷೆ

ಚಳಿಯೆಂದು ಅಡುಗೆಮನೆಯ ಕಿಟಕಿಯ ಹಿಂದೆ ನಿಂತು ಪರೀಕ್ಷಿಸಬೇಡಿ. ಗಾಜು ಟಾರ್ಚಿನ ಬೆಳಕನ್ನು ನಿಮಗೇ ಹಿಂದಿರುಗಿಸುತ್ತದೆ. ಪರದೆಯ ತುಂಬ ಬಿಳಿ. ಹೊರಗೆ ಹೋಗಿ. ಈ ಹಂತದಲ್ಲಿ ಸಾಮಾನ್ಯವಾಗಿ ಕೇಳಿಬರುವ ಸಂಭಾಷಣೆ:

“ರೀ, ಈ ಹೊತ್ತಲ್ಲಿ ಹಿತ್ತಿಲಲ್ಲಿ ಏನ್ ಮಾಡ್ತಿದೀರಿ?”

“ನರಿ ಹುಡುಕ್ತಿದೀನಿ ಕಣೇ. ಮಾತಾಡಬೇಡ.”

“ಅದು ಮುಂಬಾಗಿಲಲ್ಲಿ ಬಿನ್ ಹತ್ರ ಕೂತಿದೆ. ಬೀದಿದೀಪದ ಕೆಳಗೆ.”

ಇದು ಉಪಕರಣದ ದೋಷವಲ್ಲ.

ಪರದೆಯಲ್ಲಿ ಹುಲ್ಲು, ಎಲೆಗಳೆಲ್ಲ ಬೆಳ್ಳಗೆ ಕಂಡರೆ ಗಾಬರಿಯಾಗಬೇಡಿ. ಹಸಿರು ಎಲೆ ಈ ಬೆಳಕನ್ನು ಹೀರದೆ ವಾಪಸು ಎಸೆಯುತ್ತದೆ. ನಿಮ್ಮ ಕಪ್ಪು ಜಾಕೆಟ್ ಕೂಡ ಬೂದಿಬಣ್ಣಕ್ಕೆ ತಿರುಗಬಹುದು, ಅನೇಕ ಬಣ್ಣಗಳು ಕೆಂಪಿನಾಚೆ ಕೆಲಸ ಮಾಡುವುದಿಲ್ಲ. ಈ ಊರಿಗೆ ಇದೊಂದು ಅವಮಾನ. 1856ರಲ್ಲಿ, ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ಕ್ವಿನೈನ್ ಮಾಡಹೋಗಿ ನೇರಳೆ ಬಣ್ಣ ಮಾಡಿದ. ಮರುವರ್ಷ ಅದರ ಕಾರ್ಖಾನೆ ಎದ್ದದ್ದು ಇಲ್ಲೇ, ಗ್ರೀನ್‌ಫರ್ಡಿನ ಕಾಲುವೆಯ ದಡದಲ್ಲಿ. ಜಗತ್ತಿಗೆ ಕೃತಕ ಬಣ್ಣ ಹಂಚಿದ ಊರಿನಲ್ಲಿ ನಿಂತು ನೀವು ಎಲ್ಲವನ್ನೂ ಬೂದಿ ಮಾಡಿ ನೋಡುತ್ತಿದ್ದೀರಿ.

ನಾಲ್ಕನೆಯ ಹಂತ: ಬಯಲಿಗೆ

ನರಿ ಸಾಕಾಯಿತೆ? ವೆಸ್ಟ್‌ವೇ ಕ್ರಾಸ್ ಅಂಗಡಿಸಾಲಿನ ಪಕ್ಕದಲ್ಲೇ ಪ್ಯಾರಡೈಸ್ ಫೀಲ್ಡ್ಸ್ ಇದೆ. ಹಿಂದೊಮ್ಮೆ ಗಾಲ್ಫ್ ಮೈದಾನ, ಈಗ ಜವುಗು. 2023ರ ಅಕ್ಟೋಬರ್ 11ರಂದು ಮೇಯರ್ ಸಾದಿಕ್ ಖಾನ್ ಎದುರು ಐದು ಬೀವರ್‌ಗಳ ಒಂದು ಸಂಸಾರವನ್ನು ಅಲ್ಲಿ ಬಿಟ್ಟರು. ತುಪ್ಪಳಕ್ಕೂ ಮಾಂಸಕ್ಕೂ ಬೇಟೆಯಾಡಿ ಬ್ರಿಟನ್ ಈ ಪ್ರಾಣಿಯನ್ನು ನಿರ್ನಾಮ ಮಾಡಿ ಸುಮಾರು 400 ವರ್ಷವಾಗಿತ್ತು. ಈಗ ಅದಕ್ಕೆ ಕಾನೂನಿನ ರಕ್ಷಣೆ ಕೊಟ್ಟು, ಬೇಲಿ ಹಾಕಿ, ಕೆಲಸವನ್ನೂ ಕೊಟ್ಟಿದ್ದಾರೆ: ಮರ ಕಡಿದು ಅಣೆ ಕಟ್ಟಿ ಮಳೆನೀರು ಹಿಡಿದಿಡಬೇಕು, ಕೆಳಗಿನ ಗ್ರೀನ್‌ಫರ್ಡ್ ಮುಳುಗಬಾರದು. ಕಟ್ಟಿದವು, ಮರುವರ್ಷ ಮರಿಯನ್ನೂ ಹಾಕಿದವು. ಎ40ರ ಸದ್ದು ಕೇಳುವಷ್ಟು ಹತ್ತಿರದಲ್ಲಿ, ಟೆಂಡರ್ ಕರೆಯದೆ ಮುಗಿದ ನೀರಾವರಿ ಯೋಜನೆಯನ್ನು ನಮ್ಮವರು ಒಮ್ಮೆ ನೋಡಲೇಬೇಕು.

ಬೀವರ್ ನಿಶಾಚರಿ. ನಿಮ್ಮ ಉಪಕರಣಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಆದರೂ ತಜ್ಞರ ದಾರಿ ಬೇರೆ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು 1990ರ ದಶಕದ ಮೊದಲಲ್ಲಿ ಹುಲಿ ಎಣಿಸಲು ಕ್ಯಾಮೆರಾಗಳನ್ನು ಕಾಡುದಾರಿಯ ಅಕ್ಕಪಕ್ಕ ಕಟ್ಟಿದರು. ಹುಲಿ ತಾನೇ ನಡೆದು ಬಂದು ಪಟ್ಟೆ ತೋರಿಸಿ ಹೋಗುತ್ತಿತ್ತು. ಹಿಡಿದುಕೊಂಡು ನಿಲ್ಲುವ ಯಂತ್ರಕ್ಕಿಂತ ಕಟ್ಟಿ ಬರುವ ಯಂತ್ರ ಜಾಣ, ಅದಕ್ಕೆ ಸೀನೂ ಬರುವುದಿಲ್ಲ.

ದೋಷ ಮತ್ತು ಪರಿಹಾರ

ಪರದೆ ಕಪ್ಪು: ಲೆನ್ಸಿನ ಮುಚ್ಚಳ ತೆಗೆಯಿರಿ. ಪರದೆ ಬಿಳಿ: ಮಂಜು ಬಿದ್ದಿದೆ, ಅದರ ಹನಿಗಳು ನಿಮ್ಮ ಬೆಳಕನ್ನೇ ನಿಮ್ಮ ಮುಖಕ್ಕೆ ಎಸೆಯುತ್ತಿವೆ, ನವೆಂಬರಿನಿಂದ ಫೆಬ್ರವರಿಯವರೆಗೆ ಇದಕ್ಕೆ ಪರಿಹಾರವಿಲ್ಲ. ಪರದೆಯಲ್ಲಿ ಪೊಲೀಸ್: ಕೆಳಗೆ ರೈಫಲ್ ಇಲ್ಲವೆಂದು ತೋರಿಸಿ, ಬೀವರ್ ನೋಡಲು ಬಂದೆನೆಂದು ನಿಜ ಹೇಳಿ.

ಕೊನೆಯ ಸೂಚನೆ. ಜೂನ್ ತಿಂಗಳಲ್ಲಿ ಇಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂ ಇಪ್ಪತ್ತರ ಸುಮಾರಿಗೆ, ಆಮೇಲೂ ಬಹಳ ಹೊತ್ತು ಬೆಳಕಿರುತ್ತದೆ. ಬೀವರ್ ಕತ್ತಲಾಗುವ ತನಕ ಕಾಯದೆ ಮುಸ್ಸಂಜೆಗೇ ನೀರಿಗಿಳಿಯುತ್ತದೆ. ಆ ತಿಂಗಳು ಉಪಕರಣವನ್ನು ಮನೆಯಲ್ಲೇ ಬಿಟ್ಟು, ಮಕ್ಕಳನ್ನು ಕರೆದುಕೊಂಡು ಹೋಗಿ.