ಸದ್ದು ಮಾಡುವ ಸೈಲೆನ್ಸರ್

ನಮ್ಮಕ್ಕನ ಮಗ ಕಾರು ತಂದ. ಜರ್ಮನಿಯದು, ಹತ್ತು ವರ್ಷ ಹಳೆಯದು, ಬಾಗಿಲು ಎರಡೇ. ಸೀಟು ನಾಲ್ಕು ಅಂತ ಆರ್‌ಸಿ ಹೇಳುತ್ತದೆ. ಹಿಂದಿನ ಎರಡರಲ್ಲಿ ತರಕಾರಿ ಚೀಲ ಕೂರಬಹುದು, ಅದೂ ಬರೀ ಸೊಪ್ಪಿದ್ದರೆ. ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಅಪ್ಪಚ್ಚಿ ಮಾಡಿದ ಮಾರನೆಯ ದಿನವೇ ಹುಡುಗ ಮುಖ ಸಪ್ಪಗೆ ಮಾಡಿಕೊಂಡು ಬಂದ.

"ಮಾಮ, ಕಾರು ಸದ್ದೇ ಮಾಡಲ್ಲ."

"ಒಳ್ಳೇದಾಯ್ತಲ್ಲೋ!" ಎಂದೆ. ಗಾಡಿ ಸದ್ದು ಮಾಡಿದರೆ ಗ್ಯಾರೇಜಿಗೆ ಒಯ್ಯುತ್ತಿದ್ದ ಕಾಲದವನು ನಾನು. ಸದ್ದು ಮಾಡುತ್ತಿಲ್ಲ ಅಂತ ಗ್ಯಾರೇಜಿಗೆ ಒಯ್ಯುವ ಕಾಯಿಲೆ ಆಗ ಬಂದಿರಲಿಲ್ಲ.

ಅವನಿಗೆ ಬೇರೆ ಸೈಲೆನ್ಸರ್ ಬೇಕಂತೆ, ಸದ್ದು ಹೆಚ್ಚುವಂಥದ್ದು. ಎಚ್ಚರವಾಗಿರೋದಕ್ಕೆ ನಿದ್ದೆ ಮಾತ್ರೆ ಕೊಂಡ ಹಾಗಾಯಿತಲ್ಲ ಇದು! "ಅದಕ್ಕೇ ನಾವು ಸೈಲೆನ್ಸರ್ ಅನ್ನಲ್ಲ ಮಾಮ, ಎಗ್ಸಾಸ್ಟ್ ಅಂತೀವಿ" ಎಂದು ಅವನು ಹೆಸರನ್ನೇ ಬದಲಿಸಿ ತಪ್ಪಿಸಿಕೊಂಡ.

ಸೈಲೆನ್ಸರ್ ಅಂದಾಗ ನೆನಪಾಯಿತು, ಅಮೆರಿಕದಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಅಂತ ಒಬ್ಬನಿದ್ದ. ಅವನ ಅಪ್ಪ ಮ್ಯಾಕ್ಸಿಮ್ ಮೆಷಿನ್ ಗನ್ ಕಂಡುಹಿಡಿದವನು. ಮಗ 1909ರಲ್ಲಿ ಬಂದೂಕಿಗೆ ಸೈಲೆನ್ಸರ್ ಮಾಡಿ ಪೇಟೆಂಟ್ ತೆಗೆದುಕೊಂಡ. ಅಪ್ಪ ಎಬ್ಬಿಸಿದ ಗದ್ದಲವನ್ನು ಮಗ ಮುಚ್ಚಿದ. ನಮ್ಮ ಮನೆಯಲ್ಲಿ ಎಲ್ಲ ಉಲ್ಟಾ. ಭಾವ ಮೂವತ್ತು ವರ್ಷ ಬಾಯಿ ಬಿಡದೆ ನೌಕರಿ ಮಾಡಿ ನಿವೃತ್ತರಾದವರು. ಅವರ ಪಾಲಿನ ಸದ್ದನ್ನೂ ಈಗ ಮಗನೇ ಮಾಡಬೇಕೇನೋ.

ಭಾನುವಾರ ಜ್ಞಾನಭಾರತಿ ಬಡಾವಣೆಯ ಅಕ್ಕನ ಮನೆಯಲ್ಲಿ ಸಭೆ ಕೂತಿತು. ಹುಡುಗ ತಿಂಡಿ ತಟ್ಟೆಯಲ್ಲೇ ಪಾಠ ಶುರು ಮಾಡಿದ. ಕಾಫಿ ಫಿಲ್ಟರು ಎಂಜಿನ್. ಅದರ ಪಕ್ಕದ ಲೋಟ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯ ವಿಷ ಕಳೆಯುವ ಡಬ್ಬಿ. ಆಮೇಲೆ ಒಂದು ಕೋಡುಬಳೆ, ಅದು ರೆಸೊನೇಟರ್. ಕೊನೆಗೆ ನಿಪ್ಪಟ್ಟು, ಅದು ಮಫ್ಲರ್. "ನಾನು ಹಾಕಿಸೋದು ಕ್ಯಾಟ್-ಬ್ಯಾಕ್" ಎಂದ.

"ಬೆಕ್ಕು ವಾಪಸ್ ಬಂತೇನೋ?" ಅಡುಗೆಮನೆಯಿಂದ ಅಕ್ಕ ಕೂಗಿದಳು.

ಬೆಕ್ಕಲ್ಲ. ಕನ್ವರ್ಟರಿನಿಂದ ಹಿಂದಕ್ಕೆ ಬಾಲದ ತುದಿವರೆಗೆ ಇರುವುದೆಲ್ಲ ಹೊಸದು, ಅದೇ ಕ್ಯಾಟ್-ಬ್ಯಾಕ್. ಬರೀ ಹಿಂದಿನ ಆಕ್ಸಲಿನಿಂದಾಚೆ ಬದಲಿಸಿದರೆ ಆಕ್ಸಲ್-ಬ್ಯಾಕ್. ಅಗ್ಗ, ಸದ್ದೂ ಕಮ್ಮಿ. ಇನ್ನು ಕನ್ವರ್ಟರನ್ನೇ ಕಿತ್ತೆಸೆಯುವ ಶೂರರಿದ್ದಾರಂತೆ. ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರುತ್ತದೆ ಅಂದದ್ದೇ ತಡ, ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು. "ಪ್ಲಾಟಿನಂ ಕಿತ್ತು ಕಬ್ಬಿಣ ಹಾಕಿಸ್ಕೋತಾರಾ? ನನ್ನ ಬಳೆ ಮಾಡಿಸೋಕೆ ಆಗ್ತಿರ್ಲಿಲ್ವಾ?"

ಈ ಗಲಾಟೆಯಲ್ಲಿ ಭಾವ ರೆಸೊನೇಟರ್ ತಿಂದುಬಿಟ್ಟಿದ್ದರು.

"ಅಪ್ಪಾ, ಅದಿಲ್ದಿದ್ರೆ ಡ್ರೋನ್ ಬರುತ್ತೆ!" ಹುಡುಗ ಗಾಬರಿಯಾದ. ಡ್ರೋನ್ ಅಂದರೆ ಹಾರುವುದಲ್ಲ. ರೆಸೊನೇಟರ್ ತೆಗೆದ ಕಾರು ಒಂದೇ ಹದದಲ್ಲಿ ಓಡುತ್ತಿದ್ದರೆ, ಸುಮಾರು ಎರಡು ಸಾವಿರ ಆರ್‌ಪಿಎಮ್ಮಿನಲ್ಲಿ, ಒಳಗೆ 'ಗುಂಯ್' ಅಂತ ಬಿಡದೆ ಮೊರೆಯುತ್ತದೆ. ಮೈಸೂರು ಮುಟ್ಟುವ ಹೊತ್ತಿಗೆ ತಲೆ ರುಬ್ಬುಗುಂಡು. ಹೊರಗಿನವರಿಗೆ ಸಂಗೀತ, ಒಳಗಿನವನಿಗೆ ಶಿಕ್ಷೆ. ಹಣ ಮಾತ್ರ ಒಳಗಿನವನದು.

"ಸರಿ, ಎಂಥಾ ಸದ್ದು ಬೇಕು ನಿಂಗೆ?" ಎಂದೆ.

"ವಿ8 ಥರ, ಗುಡುಗುಡು ಅಂತ."

ಅವನ ಕಾರಿಗಿರುವುದು ನಾಲ್ಕು ಸಿಲಿಂಡರ್, ಮೇಲೊಂದು ಟರ್ಬೋ. ಹೊಗೆಯ ಒತ್ತಡದಿಂದಲೇ ತಿರುಗುವ ಆ ಟರ್ಬೋ ಸದ್ದಿನ ಒಂದು ಪಾಲನ್ನು ದಾರಿಯಲ್ಲೇ ನುಂಗಿಬಿಡುತ್ತದೆ. ವಿ8ನ ಗುಡುಗು ಬರುವುದು ಎಂಟು ಸಿಲಿಂಡರ್ ಎರಡು ಸಾಲಾಗಿ, ಒಂದೊಂದು ಸಾಲೂ ಏರುಪೇರು ಲಯದಲ್ಲಿ ಸಿಡಿಯುವುದರಿಂದ. ಕೊಳಲಿನ ತೂತು ದೊಡ್ಡದು ಮಾಡಿದರೆ ಅದು ನಾದಸ್ವರ ಆಗುತ್ತದೆಯೇ? ಕೆಟ್ಟ ಕೊಳಲಾಗುತ್ತದೆ, ಅಷ್ಟೆ.

ಕಾನೂನನ್ನೂ ತೆಗೆದೆ. ಹೊಸ ಕಾರು ಕಾರ್ಖಾನೆ ಬಿಡುವಾಗ 74 ಡೆಸಿಬಲ್ ಮೀರುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಗಾಡಿಯ ಮೂಲರೂಪ ಬದಲಿಸಬೇಡ ಅನ್ನುತ್ತದೆ. ಬದಲಿಸಿದ ಮಾಲೀಕನಿಗೆ 182ಎ ಒಂದೊಂದು ಬದಲಾವಣೆಗೂ 5,000 ರೂಪಾಯಿ ಅನ್ನುತ್ತದೆ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಸರ್ಕಾರ ಘೋಷಿಸಿದರೆ ವಿದ್ಯಾಸಂಸ್ಥೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಹಗಲಿಗೆ 50 ಡೆಸಿಬಲ್, ರಾತ್ರಿ 40. ಇವನು ದಿನಾ ಹಾಯುವುದೋ, ಸಾವಿರ ಎಕರೆಗೂ ಮಿಕ್ಕ ಬೆಂಗಳೂರು ವಿಶ್ವವಿದ್ಯಾಲಯದ ಪಕ್ಕದಲ್ಲೇ! ಕಿತ್ತ ಸೈಲೆನ್ಸರುಗಳನ್ನು ಪೊಲೀಸರು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸುವ ಫೋಟೊ ಪೇಪರಿನಲ್ಲಿ ಬರುತ್ತಿರುತ್ತದಲ್ಲ, ಅದನ್ನೂ ನೆನಪಿಸಿದೆ.

ಹುಡುಗ ಒಂದು ಕ್ಷಣ ತಣ್ಣಗಾದ. ಆಮೇಲೆ ಅಮ್ಮನ ಕಡೆ ತಿರುಗಿ, "ಮಾಮನ ಆರ್‌ಎಕ್ಸ್ ಕಥೆ ಏನಮ್ಮ ಅದು?" ಎಂದ.

ಅಕ್ಕ ಬಾಯಿ ಬಿಡುವ ಮೊದಲು ನಾನೇ ಒಪ್ಪಿಕೊಳ್ಳುವುದು ಕ್ಷೇಮ. 1991ರ ಯಮಹಾ ಆರ್‌ಎಕ್ಸ್ 100 ಬೈಕು, 98 ಸಿಸಿ, 11 ಕುದುರೆ ಶಕ್ತಿ. ಟೂ-ಸ್ಟ್ರೋಕ್ ಗಾಡಿಯ ಸೈಲೆನ್ಸರ್ ಎಣ್ಣೆಮಸಿ ಕಟ್ಟಿಕೊಂಡು ಉಸಿರುಗಟ್ಟುತ್ತದೆ. ಆಗ ಅದನ್ನು ಬಿಚ್ಚಿ ಸುಡಿಸಬೇಕು. ಮೆಕ್ಯಾನಿಕ್ ಒಳಗಿನ ಬ್ಯಾಫಲ್ ಎಳೆದು, ಚೂರು ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದರೆ ಕೊಳವೆಯ ಬಾಯಿಂದ ಒಲೆಯ ಹಾಗೆ ಉರಿ. ಆರಿದ ಮೇಲೆ ನೆಲಕ್ಕೆ ಕುಟ್ಟಿದರೆ ಕರೀ ಹಪ್ಪಳದಂಥ ಚಕ್ಕೆಗಳು ಉದುರುತ್ತಿದ್ದವು. ಹಾಗೊಮ್ಮೆ ಸುಡಿಸಿದಾಗ, ಬ್ಯಾಫಲ್ ವಾಪಸ್ ಹಾಕಬೇಡ ಎಂದೆ. ಆಮೇಲೆ ನನ್ನ ಸದ್ದು ನನಗಿಂತ ಮೊದಲು ನಾಗರಬಾವಿ ಸೇರುತ್ತಿತ್ತು. ಗಾಡಿ ಮಾತ್ರ ಏರು ಬಂದರೆ ಏದುಸಿರು. ಟೂ-ಸ್ಟ್ರೋಕಿನಲ್ಲಿ ತಪ್ಪಿಸಿಕೊಂಡ ಪೆಟ್ರೋಲನ್ನು ಸಿಲಿಂಡರಿಗೆ ಹಿಂದಕ್ಕೆ ದೂಡುವುದೇ ಕೊಳವೆಯಿಂದ ಮರಳಿ ಬರುವ ಒತ್ತಡದ ಅಲೆ. ಅದರ ಲೆಕ್ಕವನ್ನೇ ನಾನು ಕೆಡಿಸಿದ್ದೆ. ಎಳೆತ ಹೋಯಿತು, ಎಗರಾಟ ಉಳಿಯಿತು.

ಆದರೂ ಮೂರು ತಿಂಗಳು ಬ್ಯಾಫಲ್ ಹಾಕಿಸಲಿಲ್ಲ, ಯಾಕೆ? ಮೈಸೂರು ರಸ್ತೆಯಲ್ಲಿ ನಿಂತು ನೋಡಿದರೆ ಗೊತ್ತಾಗುತ್ತದೆ. ಹುಡುಗನ ಕಾರಿನ ಮೀಟರಿನಲ್ಲಿ ಗಂಟೆಗೆ 280 ಕಿ.ಮೀ. ವರೆಗೆ ಗೀಟು ಎಳೆದಿದ್ದಾರೆ. ನಾಯಂಡಹಳ್ಳಿಯಲ್ಲಿ ಅದು ಹದಿನೈದರ ಆಸುಪಾಸಿನಲ್ಲೇ ತೂಕಡಿಸುತ್ತದೆ. 2021ರ ಆಗಸ್ಟಿನಿಂದ ಕೆಂಗೇರಿ ಮೆಟ್ರೊ ತಲೆಯ ಮೇಲೆ ಸರ್ರನೆ ಹೋಗುತ್ತದೆ, ಒಳಗೆ ಕೂತವರು ಕೆಳಗಿನ ಜರ್ಮನಿಯನ್ನು ನೋಡಿ ನಗುತ್ತಾರೆ. ಓಡುವುದಕ್ಕೆ ಜಾಗವಿಲ್ಲದ ಊರಿನಲ್ಲಿ ವೇಗವನ್ನು ಕಣ್ಣಿಗೆ ತೋರಿಸಲಾಗುವುದಿಲ್ಲ, ಕಿವಿಗಾದರೂ ಹಾಕಬೇಕು. ಹೊಗೆಕೊಳವೆ ಮಾರುವವರು ಮಾರುವುದು ಅದನ್ನೇ: ಓಡದ ಓಟದ ಸದ್ದು. ಬಿಎಂಡಬ್ಲ್ಯುನಂಥವರೇ 2011ರ ಎಂ5 ಕಾರಿನಲ್ಲಿ ಎಂಜಿನ್ನಿನ ಸದ್ದನ್ನು ಸ್ಪೀಕರಿನಿಂದ ಕೇಳಿಸಿದರು ಅಂದಮೇಲೆ ನಮ್ಮ ಹುಡುಗನದೇನು ತಪ್ಪು?

ಇಷ್ಟೆಲ್ಲ ಹೇಳಿದರೂ ಅವನು ಪಟ್ಟು ಬಿಡಲಿಲ್ಲ. ಒಂದೂವರೆ ಲಕ್ಷದ ಕೊಳವೆಯಂತೆ, ಗುಂಡಿ ಒತ್ತಿದರೆ ಒಳಗಿನ ವಾಲ್ವ್ ಮುಚ್ಚಿ ಸಾಧುವಾಗುತ್ತದಂತೆ. "ಬನ್ನಿ ಮಾಮ, ಈಗ ಎಷ್ಟು ಸಪ್ಪೆ ಅಂತ ನೀವೇ ಕೇಳಿ" ಎಂದು ನನ್ನನ್ನು ಮುಂದೆ ಕೂರಿಸಿದ. ಹಿಂದಿನ ಸೀಟಿನಲ್ಲಿ ಭಾವ, ಗಲ್ಲಕ್ಕೆ ಮೊಣಕಾಲು ಒತ್ತಿಕೊಂಡು.

ಕ್ಯಾಂಪಸ್ಸಿನ ಮರಗಳ ನೆರಳಲ್ಲಿ ಕಾರು ತುಪ್ಪದಂತೆ ಜಾರಿತು. ಎಲ್ಲೋ ಒಂದು ನವಿಲು ಕೂಗಿತು. ಅಲಂಕಾರವೆಲ್ಲ ಹಿಂದಿದ್ದರೂ ಸದ್ದನ್ನು ಮುಂದಿನಿಂದಲೇ ಮಾಡುವ ಬುದ್ಧಿವಂತ ಪ್ರಾಣಿ. ವಾಪಸ್ ಬರುತ್ತಾ ಅಕ್ಕನ ಮನೆಯ ಬೀದಿಯ ತಿರುವಿಗೆ ಬಂದೆವು. ಅಲ್ಲೊಂದು ಹಂಪ್ ಇದೆ, ಯಾವಾಗ ಹುಟ್ಟಿತೋ ಯಾರಿಗೂ ನೆನಪಿಲ್ಲ. ಮುಂದಿನ ಚಕ್ರ ಹತ್ತಿತು, ಇಳಿಯಿತು.

ಕರ್ರ್‌ರ್‌ರ್.

ಮೂರು ನಾಯಿ ಎದ್ದವು. ಹೂವಿನವಳು ಮೊಳ ಹಾಕುವುದನ್ನು ಬಿಟ್ಟು ನೋಡಿದಳು. ಎದುರು ಮನೆಯ ಮಹಡಿಯಲ್ಲಿ ಕಿಟಕಿ ತೆರೆಯಿತು. ಹುಡುಗ ಇಳಿದು ಬಗ್ಗಿ ನೋಡಿದ. ಕಂಪನಿಯ ಕೊಳವೆಗೆ ಉದ್ದಕ್ಕೂ ಗೀರು.

"ಹೊಸ ಕೊಳವೆ ಇದಕ್ಕಿಂತ ಮೇಲಿರುತ್ತೇನೋ, ಕೆಳಗೋ?" ಎಂದೆ.

"ಒಂದಿಂಚು ಕೆಳಗೆ" ಎಂದ, ಎದ್ದೇಳದೆ.

ಹಿಂದಿನ ಸೀಟಿನಿಂದ ಭಾವನ ಸಣ್ಣ ದನಿ: "ಸದ್ದು ಚೆನ್ನಾಗಿ ಬಂತಲ್ಲೋ. ಪುಕ್ಕಟೆ ಬೇರೆ. ಇನ್ನು ನನ್ನನ್ನ ಇಳಿಸು."