ಆಟೋಮ್ಯಾಟಿಕ್ ವಾಚಣ್ಣ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ: ಈ ನಾಲ್ಕು ತಾಲ್ಲೂಕುಗಳಲ್ಲಿ ನೀವು ಯಾವ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೂ ವಾಚಣ್ಣ ಸಿಗುತ್ತಾರೆ. ಹೆಸರು ಬೇರೆ, ಊರು ಬೇರೆ, ಪಾರ್ಟಿ ಬೇರೆ. ಎಡಗೈ ಮಾತ್ರ ಒಂದೇ. ವಯಸ್ಸು ನಲವತ್ತೈದು ದಾಟಿರುತ್ತದೆ. ಬಿಳಿ ತುಂಬುತೋಳಿನ ಅಂಗಿ, ಹೆಗಲ ಮೇಲೊಂದು ಟವೆಲ್, ಮಣಿಕಟ್ಟಿನಲ್ಲಿ ಬೆಂಗಳೂರಲ್ಲಿರುವ ಮಗ ದೀಪಾವಳಿಗೆ ತಂದುಕೊಟ್ಟ ಸ್ಮಾರ್ಟ್‌ವಾಚು. ಪಿರಿಯಾಪಟ್ಟಣದ ಕಡೆಯವರಾದರೆ ಹೊಗೆಸೊಪ್ಪಿನ ಲೈಸೆನ್ಸ್ ಇರುತ್ತದೆ. ಕೆ.ಆರ್. ನಗರದವರಾದರೆ ನಾಲೆ ಕೆಳಗೆ ಗದ್ದೆ ಇರುತ್ತದೆ. ಕೋಟೆಯವರಾದರೆ ಹತ್ತಿಯೂ ಉಂಟು, ಆನೆಯೂ ಉಂಟು. ಹತ್ತಿ ಅವರದು, ಆನೆ ಸರ್ಕಾರದ್ದು.

ಮಟಮಟ ಮಧ್ಯಾಹ್ನ ಅವರನ್ನು ತಡೆದು, "ಟೈಮೆಷ್ಟಣ್ಣ?" ಅಂತ ಕೇಳಿ ನೋಡಿ. ಮೊದಲು ಕೈ ಎತ್ತುತ್ತಾರೆ. ವಾಚು ಏಳುವುದಿಲ್ಲ. ಕೈ ಕೊಡವುತ್ತಾರೆ. ಏಳುತ್ತದೆ, ಆದರೆ ಬಿಸಿಲಿಗೆ ಏನೂ ಕಾಣುವುದಿಲ್ಲ. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಹೆಗಲ ಟವೆಲ್ ತೆಗೆದು ತಲೆ, ಕೈ ಎರಡನ್ನೂ ಸೇರಿಸಿ ಮುಸುಕು ಹಾಕಿಕೊಳ್ಳುತ್ತಾರೆ. ಒಳಗೆ ಕತ್ತಲು ಕಂಡ ವಾಚು, ಓಹೋ ರಾತ್ರಿಯಾಯಿತು ಅಂದುಕೊಂಡು ಇನ್ನಷ್ಟು ಮಂಕಾಗುತ್ತದೆ. ಕೊನೆಗೆ ಟವೆಲ್ಲಿನೊಳಗಿಂದ ಅಪ್ಪಣೆಯಾಗುತ್ತದೆ: "ಬಲಗಡೆ ಜೋಬಲ್ಲಿ ಫೋನದೆ, ತಗ್ದು ನೋಡ್ಬುಡು ಮೊಗ."

ಇಷ್ಟಾದರೂ ವಾಚಿನ ಮೇಲೆ ಅವರಿಗೆ ಎಳ್ಳಷ್ಟೂ ಬೇಸರವಿಲ್ಲ. "ಇದು ಆಟೋಮ್ಯಾಟಿಕ್ಕು ಕನಪ್ಪ. ನಾವೇನೂ ಮಾಡಂಗೇ ಇಲ್ಲ. ಬೆಳಕು ನೋಡ್ಕಂಡು ತಾನೇ ಹೆಚ್ಚು ಕಮ್ಮಿ ಮಾಡ್ಕತದೆ" ಎನ್ನುತ್ತಾರೆ. ಅವರು ಹೇಳುವುದರಲ್ಲಿ ಸುಳ್ಳೇನಿಲ್ಲ. ಇಂಥ ವಾಚಿನ ಗಾಜಿನ ಕೆಳಗೆ ಬೆಳಕು ಅಳೆಯುವ ಸಣ್ಣ ಸೆನ್ಸರ್ ಇರುತ್ತದೆ. ನೆತ್ತಿಯ ಮೇಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್. ದೀಪ ಹಾಕಿದ ಕಚೇರಿಯ ಕೋಣೆ ಕೆಲವು ನೂರು. ಹುಣ್ಣಿಮೆಯ ಬೆಳದಿಂಗಳು 1 ಲಕ್ಸ್ ಕೂಡ ಇಲ್ಲ. ಇಷ್ಟು ದೊಡ್ಡ ಅಂತರವನ್ನು ಅಳೆದು ಪರದೆಯನ್ನು ಸರಿಹೊಂದಿಸುವುದು ಸಣ್ಣ ಕೆಲಸವಲ್ಲ. ಆದರೆ ಸೆನ್ಸರಿನ ಮೇಲೆ ತುಂಬುತೋಳಿನ ಕಫ್ ಬಂದು ಕೂತಿದೆ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ವಾಚಣ್ಣನ ಎಡಗೈಯಲ್ಲಿ ಹನ್ನೆರಡು ಗಂಟೆಗೇ ಸೂರ್ಯ ಮುಳುಗುತ್ತಾನೆ. ಕಫ್ ಮಡಿಸಿದರೆ ಹುಟ್ಟುತ್ತಾನೆ. ತೋಳು ಮಡಿಸಿಕೊಂಡಿರಿ ಎಂದು ಹೇಳಿದರೆ ಒಪ್ಪುವುದಿಲ್ಲ, ಇಸ್ತ್ರಿ ಹಾಳಾಗುತ್ತದಂತೆ.

ಹುಣಸೂರಿನ ಟೀ ಅಂಗಡಿಯ ಬೆಂಚು ಅವರ ವಿಶ್ವವಿದ್ಯಾಲಯ. ಮಗ ಫೋನಿನಲ್ಲಿ ಹೇಳಿದ್ದನ್ನೆಲ್ಲ ಅಲ್ಲಿ ಪಾಠ ಮಾಡುತ್ತಾರೆ. ಪರದೆಯ ಬೆಳಕನ್ನು ನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಚದರ ಮೀಟರಿಗೆ ಒಂದು ಕ್ಯಾಂಡೆಲಾ ಆದರೆ ಒಂದು ನಿಟ್, ಹೆಚ್ಚುಕಮ್ಮಿ ಒಂದು ಮೇಣದಬತ್ತಿಯ ಲೆಕ್ಕ. 2022ರಲ್ಲಿ ಬಂದ ಆ್ಯಪಲ್ ವಾಚ್ ಅಲ್ಟ್ರಾ 2000 ನಿಟ್ ತನಕ ಬೆಳಗುತ್ತಿತ್ತು, ಮರುವರ್ಷದ ಅಲ್ಟ್ರಾ 2 ಬಂದಾಗ ಅದು 3000 ಆಯಿತು. ಗಾರ್ಮಿನ್‌ನ ಕೆಲವು ವಾಚುಗಳದು ಇನ್ನೊಂದು ಜಾತಿ. ಬಿಸಿಲನ್ನೇ ವಾಪಸ್ ಎರಚುವ ಪರದೆ, ಬಿಸಿಲು ಹೆಚ್ಚಿದಷ್ಟೂ ಚೆನ್ನಾಗಿ ಕಾಣುತ್ತದೆ. ಎಲ್ಲವನ್ನೂ ಕೇಳಿಸಿಕೊಂಡ ಟೀ ಅಂಗಡಿಯವನು ಸೋಸುವ ಬಟ್ಟೆ ಹಿಂಡುತ್ತ ಒಂದೇ ಪ್ರಶ್ನೆ ಹಾಕುತ್ತಾನೆ: "ಮೂರ್ ಸಾವ್ರ ಮೇಣದಬತ್ತಿ ಕೈಗೆ ಕಟ್ಕಂಡು ಟೈಮ್ ನೋಡ್ಬೇಕಾ ಅಣ್ಣ? ಎದ್ರುಗಡೆ ಗ್ವಾಡೆ ಮ್ಯಾಲೆ ಗಡಿಯಾರ ಅದಲ್ಲ." ವಾಚಣ್ಣ ಗೋಡೆ ನೋಡುವುದಿಲ್ಲ. ಅದು ಆಟೋಮ್ಯಾಟಿಕ್ ಅಲ್ಲ.

ಸಂಜೆಯಾಗುತ್ತಿದ್ದಂತೆ ವಾಚಿನ ಗುಣ ತಿರುಗುಮುರುಗಾಗುತ್ತದೆ. ಹಗಲೆಲ್ಲ ಏಳೆಂದರೆ ಏಳದಿದ್ದ ಪರದೆ, ಕತ್ತಲಾದ ಮೇಲೆ ಬೇಡವೆಂದರೂ ಏಳುತ್ತದೆ. ಮೈಸೂರಿನಿಂದ ಹುಣಸೂರಿಗೆ ಬರುವ ಕೊನೆಯ ಬಸ್ಸಿನಲ್ಲಿ ಇದನ್ನು ನೋಡಬೇಕು. ಇಲವಾಲ ದಾಟಿದ ಮೇಲೆ ಒಳಗಿನ ದೀಪ ಆರಿಸುತ್ತಾರೆ, ಜನ ತೂಕಡಿಸುತ್ತಾರೆ. ವಾಚಣ್ಣ ನಿಂತಿದ್ದಾರೆ, ಕೈ ಮೇಲಿನ ಕಂಬಿಯಲ್ಲಿದೆ. ಬಸ್ಸು ಹಳ್ಳಕ್ಕೆ ಇಳಿದಾಗಲೆಲ್ಲ ಕೈ ಅಲುಗುತ್ತದೆ. ಕೈ ಅಲುಗಿದಾಗಲೆಲ್ಲ ಯಜಮಾನರು ಟೈಮ್ ನೋಡುತ್ತಿದ್ದಾರೆಂದು ವಾಚು ಝಗ್ಗನೆ ಹತ್ತಿಕೊಳ್ಳುತ್ತದೆ. ಕೆಳಗಿನ ಸೀಟಿನಲ್ಲಿ ಮಲಗಿದ ಹೆಂಗಸು ಊರು ಬಂತೆಂದು ಎದ್ದು ಚೀಲ ಹುಡುಕುತ್ತಾಳೆ. ಬಿಳಿಕೆರೆ ಬರುವಷ್ಟರಲ್ಲಿ ಆಕೆ ಎಷ್ಟು ಸಲ ಇಳಿಯಲು ಹೊರಟಳೋ ಕಂಡಕ್ಟರ್ ಲೆಕ್ಕ ಇಟ್ಟಿರುತ್ತಾನೆ.

ಸಂಕ್ರಾಂತಿ ಆಸುಪಾಸಿನಲ್ಲಿ ಕೆ.ಆರ್. ನಗರ ಕಡೆಯ ವಾಚಣ್ಣ ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋಗುತ್ತಾರೆ. ಅಲ್ಲಿ ಎತ್ತಿನ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಟವೆಲ್ಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ಬೆಲೆ ಹೇಳುತ್ತಾರೆ. ದಲ್ಲಾಳಿಗೂ ಕೊಳ್ಳುವವನಿಗೂ ಬಿಟ್ಟು ಮೂರನೆಯವನಿಗೆ ಗೊತ್ತಾಗಬಾರದು. ವಾಚಣ್ಣ ಸಂಜೆ ಮಬ್ಬಿನಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತಿಗೆ ಬೆರಳು ಕೊಟ್ಟರು. ಕೈ ತಿರುಗಿತು, ಪರದೆ ಹತ್ತಿತು. ತೆಳು ಟವೆಲ್ಲಿನ ಮೇಲೆ ಮೂರು ಬೆರಳಿನ ನೆರಳು ಹೊಲಿಗೆ ಹಾಕಿದಷ್ಟು ಸ್ಪಷ್ಟವಾಗಿ ಮೂಡಿತು. ಸುತ್ತ ನಿಂತ ಹತ್ತು ಜನಕ್ಕೂ ಬೆಲೆ ಗೊತ್ತಾಯಿತು. "ಎತ್ತು ಕೊಡಕ್ಕೇನೋ ಕೊಟ್ಟೇನು, ಆದ್ರೆ ಆ ಕೈ ಬ್ಯಾಡ, ಇನ್ನೊಂದ್ ಕೈ ಕೊಡಿ ಗೌಡ್ರೇ" ಅಂದರಂತೆ ದಲ್ಲಾಳಿ.

ಇದೆಲ್ಲ ಏನೂ ಅಲ್ಲ. ಅಸಲು ಕಥೆ ಇರುವುದು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಹತ್ತಿರ.

ಹೊಗೆಸೊಪ್ಪು ಬೆಳೆಯುವವರಿಗೆ ಮಳೆಗಾಲದ ರಾತ್ರಿಗಳು ನಿದ್ದೆಗೆಂದು ಇರುವುದಿಲ್ಲ. ಹಸಿ ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಒಳಗೆ ಸಾಲು ಸಾಲು ತೂಗುಹಾಕಿ, ಹೊರಗಿನ ಒಲೆಗೆ ಸೌದೆ ತಳ್ಳಿ, ಕೊಳವೆಗಳಲ್ಲಿ ಬಿಸಿ ಹಾಯಿಸಿ ಐದಾರು ದಿನ ಹದ ಮಾಡಬೇಕು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಬಣ್ಣ ನಿಲ್ಲಬೇಕು, ಎಲೆ ಒಣಗಬೇಕು, ಕೊನೆಗೆ ನಡುದಂಟು ಒಣಗಬೇಕು. ಶಾಖ 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಿಂದ ಸುಮಾರು 70ರ ತನಕ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಒಂದು ಮೆಟ್ಟಿಲು ಹಾರಿದರೆ ಹೊನ್ನಿನ ಬಣ್ಣದ ಸೊಪ್ಪು ಕಂದಾಗುತ್ತದೆ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದದ್ದು 1984ರಲ್ಲಿ. ಅವತ್ತಿನಿಂದ ಇವತ್ತಿನವರೆಗೂ ಹರಾಜುಕಟ್ಟೆಯಲ್ಲಿ ಮೊದಲು ನೋಡುವುದು ಬಣ್ಣವನ್ನೇ. ಬ್ರೈಟ್, ಮೀಡಿಯಂ, ಲೋ ಎಂದು ದರ್ಜೆ ಕಟ್ಟುತ್ತಾರೆ. ಹಾಗಾಗಿ ನಡುರಾತ್ರಿ ಎದ್ದು, ಒಲೆಗೆ ಸೌದೆ ಹಾಕಿ, ಥರ್ಮಾಮೀಟರಿಗೆ ಬ್ಯಾಟರಿ ಬಿಟ್ಟು ನೋಡುವ ಮನುಷ್ಯ ಎಚ್ಚರವಾಗಿರಲೇಬೇಕು.

ವಾಚಿಗೆ ಈ ಸಂಗತಿ ಗೊತ್ತಿಲ್ಲ. ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 7, ಆಗ ಮನುಷ್ಯರು ಹಾಸಿಗೆಯಲ್ಲಿರುತ್ತಾರೆ ಎಂದು ಯಾರೋ ಅದಕ್ಕೆ ಹೇಳಿಕೊಟ್ಟಿದ್ದಾರೆ. 10 ಹೊಡೆದ ಕೂಡಲೇ ಅದು ನೈಟ್ ಮೋಡಿಗೆ ಹೋಗಿ, ಕೈ ಎತ್ತಿದರೂ ಏಳುವುದಿಲ್ಲ. ಸರಿ, ಅದನ್ನು ತೆಗೆದುಹಾಕೋಣವೆಂದು ವಾಚಣ್ಣ ನೈಟ್ ಮೋಡ್ ಆಫ್ ಮಾಡಿದರು. ಈಗ ಇನ್ನೊಂದು ಪೇಚು. ಒಲೆಯ ಬಾಯಿ ಮುಂದೆ ಕೂತರೆ ಬೆಂಕಿ ಕಂಡು ಪರದೆ ಬೆಳಗುತ್ತದೆ. ಅಲ್ಲಿಂದ ಎದ್ದು ಕತ್ತಲಲ್ಲಿ ಥರ್ಮಾಮೀಟರ್ ನೋಡಲು ಹೋಗಿ ಬ್ಯಾಟರಿ ಹಿಡಿದ ಕೈ ಎತ್ತಿದರೆ, ಅದೇ ಬೆಳಕು ಫಳ್ಳನೆ ಕಣ್ಣಿಗೆ ಹೊಡೆಯುತ್ತದೆ. ಪದೇ ಪದೇ ಮಿಣುಕಾಡದಿರಲಿ ಎಂದು ಈ ಸೆನ್ಸರುಗಳು ಬೆಳಕು ತಗ್ಗಿಸಲು ತುಸು ತಡಮಾಡುತ್ತವೆ. ನಮ್ಮ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಕೆಡಲು ಒಂದು ಮಿಂಚು ಸಾಕು. ವಾಚಣ್ಣ ಕಣ್ಣುಜ್ಜುತ್ತ, ಪಾದರಸ ಎಲ್ಲಿದೆ ಎಂದು ತಡಕುತ್ತ ನಿಂತಿರುತ್ತಾರೆ. ಆ ಸಲ ಅವರ ಸೊಪ್ಪಿಗೆ ಬ್ರೈಟ್ ದರ್ಜೆ ಸಿಗಲಿಲ್ಲ. ಮನೆಯಲ್ಲಿ ಬ್ರೈಟಾಗಿದ್ದದ್ದು ವಾಚು ಒಂದೇ.

ಗಾಯದ ಮೇಲೆ ಬರೆ ಎಳೆದವರು ಮನೆಯವರು. ಒಲೆ ಮುಂದೆ ಕುರ್ಚಿ ಹಾಕಿಕೊಂಡು ಅಲುಗಾಡದೆ ಕೂತವನನ್ನು ಈ ಯಂತ್ರಗಳು ಎಷ್ಟೋ ಸಲ ಮಲಗಿದ್ದಾನೆಂದೇ ಬರೆದುಕೊಳ್ಳುತ್ತವೆ. ಬೆಳಿಗ್ಗೆ ಫೋನಿನಲ್ಲಿ ನಕ್ಷೆ ಬಂತು. ಮನೆಯವರು ಓದಿ ಹೇಳಿದರು: "ರಾತ್ರೆಲ್ಲ ಕಾದೆ ಕಾದೆ ಅಂತೀರ. ಎರಡ್ ಗಂಟೆಯಿಂದ ನಾಕ್ ಗಂಟೆಗಂಟ ಗಾಢ ನಿದ್ದೆ ಅಂತ ಇಲ್ಲಿ ಬರ್ದದೆ. ನಿಮ್ಮಾತ್ ನಂಬ್ಲಾ, ನಿಮ್ ವಾಚ್ ಮಾತ್ ನಂಬ್ಲಾ?" ವಾಚು ತಪ್ಪು ಹೇಳುತ್ತದೆ ಎನ್ನುವ ಹಾಗಿಲ್ಲ, ಊರಿಗೆಲ್ಲ ಅದು ತಪ್ಪೇ ಮಾಡುವುದಿಲ್ಲ ಎಂದು ಸಾರಿದವರು ಅವರೇ. ವಾಚಣ್ಣ ಕಾಫಿ ಲೋಟ ಹಿಡಿದು ಹಟ್ಟಿ ಕಡೆ ಹೊರಟರು.

ಕೋಟೆ ಸೀಮೆಯ ವಾಚಣ್ಣನ ಫಜೀತಿ ಇದಕ್ಕಿಂತ ದೊಡ್ಡದು. ಅವರು ಕಾಡಂಚಿನ ಹೊಲದಲ್ಲಿ ಅಟ್ಟಣೆ ಕಟ್ಟಿ ರಾಗಿ ಕಾಯುತ್ತಾರೆ. ದೂರದಲ್ಲಿ ಬಿದಿರು ಮುರಿದ ಸದ್ದು. ಜೊತೆಯವರು ಪಿಸುಗುಟ್ಟುತ್ತಾರೆ. ವಾಚಣ್ಣ 'ಉಶ್' ಎಂದು ಬಾಯಿಗೆ ಬೆರಳು ಇಡಲು ಕೈ ಎತ್ತುತ್ತಾರೆ. ಅಷ್ಟೇ. ಅಟ್ಟಣೆಯಲ್ಲಿದ್ದ ನಾಲ್ಕೂ ಮುಖ ಬೆಳಗುತ್ತವೆ. "ನಾವಿಲ್ಲೇ ಇದೀವಿ ಅಂತ ಆನೆಗೆ ಕಾಗದ ಬೇರೆ ಬರೀಬೇಕಾ ಬಾವ?" ಎಂದು ಪಕ್ಕದವರು ಅವರ ಕೈಯನ್ನು ಕಂಬಳಿಯೊಳಗೆ ತುರುಕುತ್ತಾರೆ. ಈ ತಾಲ್ಲೂಕಿನಲ್ಲಿ ಸರಿಯಾಗಿ ನಡೆಯುವ ನೈಟ್ ಮೋಡ್ ಒಂದೇ: ಮಾನಂದವಾಡಿ ರಸ್ತೆಯ ಕಾಡಿನ ಗೇಟು. ಸಂಜೆ 6ಕ್ಕೆ ಮುಚ್ಚುತ್ತದೆ, ಬೆಳಿಗ್ಗೆ 6ಕ್ಕೆ ತೆಗೆಯುತ್ತದೆ. ಅದರಲ್ಲಿ ಸೆನ್ಸರ್ ಇಲ್ಲ, ಒಬ್ಬ ಗಾರ್ಡ್ ಇದ್ದಾನೆ.

ಮಗನಿಗೆ ಫೋನ್ ಹೋಯಿತು. ವಾಚಿಗೆ ಕೆಂಪು ಬಣ್ಣದ ಮುಖ ಹಾಕಿಕೊಳ್ಳಿ ಎಂದ ಅವನು. ಒಳ್ಳೆಯ ಸಲಹೆಯೇ. ಮಬ್ಬಿನಲ್ಲಿ ನೋಡುವ ಕಣ್ಣಿನ ಕೋಶಗಳಿಗೆ ಕೆಂಪು ಅಷ್ಟಾಗಿ ತಾಕುವುದಿಲ್ಲ, ಕತ್ತಲ ಹೊಂದಾಣಿಕೆ ಕೆಡುವುದಿಲ್ಲ. ಆ ರಾತ್ರಿ ವಾಚಣ್ಣ ಹಿತ್ತಲಿಗೆ ಹೋದಾಗ ಬೇಲಿ ಪಕ್ಕ ಕೆಂಪಗೊಂದು ಬೆಳಕು ಏಳುತ್ತ ಇಳಿಯುತ್ತ ಸಾಗಿತು. ಜಗುಲಿಯ ಮೇಲಿದ್ದ ಅವ್ವ ಕೊಳ್ಳಿದೆವ್ವ ಎಂದು ಕೂಗಿಕೊಂಡರು. ಪೊರಕೆ ಹಿಡಿದು ಬಂದವರಿಗೆ ವಾಚಣ್ಣನ ಬೆನ್ನು ಸಿಕ್ಕಿತು. ಅವ್ವನಿಗೆ ಸಮಾಧಾನ ಹೇಳಿ ಮಲಗಿದರೆ, ಸಡಿಲವಾದ ಪಟ್ಟಿಯ ಸಂದಿಯಿಂದ ಎದೆಬಡಿತ ಅಳೆಯುವ ಹಸಿರು ದೀಪ ಮಿಣುಕತೊಡಗಿತು. ಮರುದಿನ ನಿಂಬೆಹಣ್ಣು ಬಂತು.

ವಾಚಣ್ಣನ ಅಪ್ಪನಿಗೊಂದು ಎಚ್‌ಎಂಟಿ ವಾಚಿತ್ತು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾದ ಕಾರ್ಖಾನೆಯ ವಾಚು; ಕೇಂದ್ರ ಸರ್ಕಾರ 2016ರಲ್ಲಿ ಆ ವಾಚು ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಬೆಳಿಗ್ಗೆ ಎದ್ದು ಕೀ ಕೊಟ್ಟರೆ ಮುಗಿಯಿತು. ರಾತ್ರಿ ಅದರಲ್ಲೂ ಟೈಮ್ ಕಾಣುತ್ತಿರಲಿಲ್ಲ. ಆದರೆ ಕಾಣುತ್ತದೆ ಎಂದು ಅದು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಹಾಗಂತ ವಾಚಣ್ಣನ ವಾಚು ಕೆಟ್ಟದ್ದಲ್ಲ. ಅದಕ್ಕೆ ಕಲಿಸಿದ ಹಗಲು ರಾತ್ರಿಗಳು ಬೇರೆ ಊರಿನವು, ಅಷ್ಟೆ. ಎಸಿ ಕೋಣೆಯಲ್ಲಿ ಕೂತು, ಕಾರಿನಲ್ಲಿ ಮನೆಗೆ ಬಂದು, 10ಕ್ಕೆ ಮಲಗುವವರ ರಾತ್ರಿ ಅದಕ್ಕೆ ಗೊತ್ತು. ಒಲೆ ಕಾಯುವ, ನಡುರಾತ್ರಿ ತ್ರೀಫೇಸ್ ಬಂತೆಂದು ಎದ್ದು ಪಂಪ್‌ಸೆಟ್ಟಿಗೆ ಓಡುವ, ನಾಲ್ಕಕ್ಕೆ ಹಾಲು ಕರೆಯುವ ನಮ್ಮ ರಾತ್ರಿ ಗೊತ್ತಿಲ್ಲ. ಮದ್ದು ಸುಲಭ. ಬೆಳಕಿನ ಆಟೋ ತೆಗೆದು ಹಗಲಿಗೆ ಪೂರ್ತಿ, ರಾತ್ರಿಗೆ ಕನಿಷ್ಠ ಎಂದು ಕೈಯಲ್ಲೇ ಇಡುವುದು. ಕೈ ಎತ್ತಿದರೆ ಬೆಳಗುವುದನ್ನು ಸಂಜೆಯಿಂದ ನಿಲ್ಲಿಸಿ, ಗುಂಡಿ ಒತ್ತಿ ನೋಡುವುದು. ಕಪ್ಪು ಹಿನ್ನೆಲೆಯ, ಸಣ್ಣ ಅಂಕಿಯ ಮುಖ ಹಾಕುವುದು. ಅಮೋಲೆಡ್ ಪರದೆಯಲ್ಲಿ ಕಪ್ಪು ಎಂದರೆ ಅಷ್ಟು ಜಾಗ ಆರಿದೆ ಎಂದೇ ಲೆಕ್ಕ. ನಿದ್ದೆಯ ಹೊತ್ತನ್ನು ನಾವು ನಿಜವಾಗಿ ಮಲಗುವ ಹೊತ್ತಿಗೆ ಬದಲಿಸುವುದು. ಅಂಗಿ ತೋಳು ಎರಡು ಮಡಿಕೆ ಮಡಿಸುವುದು.

ವಾಚಣ್ಣ ತಾವಾಗಿ ಇದನ್ನು ಮಾಡುವವರಲ್ಲ. ಮಾಡಿದರೆ ಟೀ ಅಂಗಡಿಯಲ್ಲಿ ಮಾತಾಡಲು ಏನೂ ಉಳಿಯುವುದಿಲ್ಲ. ಆದ್ದರಿಂದ ನಿಮ್ಮ ಮನೆಯಲ್ಲೂ ಒಬ್ಬರಿದ್ದರೆ, ಇವತ್ತು ಸಂಜೆ ಅವರ ಕೈ ಹಿಡಿದು ಕೂತು ನೀವೇ ಮಾಡಿಕೊಡಿ. ಮಗ ಬೆಂಗಳೂರಿನಿಂದ ಬರಲಿ ಎಂದು ಕಾಯಬೇಡಿ. ಬರುವಾಗ ಅವನು ಇದಕ್ಕಿಂತ ಹೊಸ ಮಾಡೆಲ್ ಹಿಡಿದುಕೊಂಡೇ ಬರುತ್ತಾನೆ.