ಹಳೇ ಮಾತು ಎತ್ತುವ ಕ್ರಮ

ಮಾರಿಕುಪ್ಪಂನಿಂದ ಬೆಳಗ್ಗೆ ಹೊರಡುವ ರೈಲು ಬಂಗಾರಪೇಟೆ ಜಂಕ್ಷನ್ ತಲುಪುವ ಹೊತ್ತಿಗೆ ಬೋಗಿಯ ಸೀಟುಗಳೆಲ್ಲ ಭರ್ತಿಯಾಗಿರುತ್ತವೆ. ಖಾಲಿ ಉಳಿದಿರುವುದು ಬಾಯಿಗಳು ಮಾತ್ರ. 1894ರಲ್ಲಿ ಕೋಲಾರದ ಚಿನ್ನದ ಗಣಿಗಾಗಿ, ಅಂದರೆ ಕೆಜಿಎಫ್‌ಗಾಗಿ, ಹಾಕಿದ 16 ಕಿಲೋಮೀಟರಿನ ಈ ಕವಲು ಹಳಿಯ ಮೇಲೆ ಈಗ ಓಡಾಡುವುದು, ಗಣಿ ಮುಚ್ಚಿದ ಮೇಲೆ ಬೆಂಗಳೂರನ್ನೇ ಗಣಿ ಮಾಡಿಕೊಂಡವರು. ಬಂಗಾರಪೇಟೆಯಿಂದಾಚೆ ಇನ್ನೂ ಸುಮಾರು 70 ಕಿಲೋಮೀಟರ್ ದಾರಿ. ಅಷ್ಟು ದೂರಕ್ಕೆ ಸಾಲುವಷ್ಟು ಹೊಸ ವಿಷಯ ದಿನಾ ಎಲ್ಲಿಂದ ತರುವುದು? ಪೇಪರಿನ ಸುದ್ದಿ ಟೇಕಲ್‌ಗೆ ಮುಗಿಯುತ್ತದೆ, ಕ್ರಿಕೆಟ್ ಮಾಲೂರಿಗೆ. ಅಲ್ಲಿಂದ ಮುಂದಕ್ಕೆ ಹಳೇ ವಿಷಯಗಳೇ ಗತಿ.

ಹರಟೆಯನ್ನೇ ಹವ್ಯಾಸ ಮಾಡಿಕೊಂಡ ಇಂಥ ಗುಂಪುಗಳಲ್ಲಿ ಹಳೇ ಮಾತು ಎತ್ತುವುದು ತಪ್ಪಲ್ಲ. ಎತ್ತುವುದಕ್ಕೊಂದು ಕ್ರಮವಿದೆ. ಅದನ್ನು ಯಾರೂ ಬರೆದಿಟ್ಟಿಲ್ಲ. ಮುರಿದಾಗ ಮಾತ್ರ ಅದು ಇತ್ತೆಂದು ಗೊತ್ತಾಗುತ್ತದೆ.

ಹೊಸದಾಗಿ ಸೇರಿದ ಹುಡುಗನೊಬ್ಬ ಒಂದು ದಿನ ಉತ್ಸಾಹದಿಂದ ಶುರುಮಾಡುತ್ತಾನೆ: “ಗೊತ್ತಾ ಸಾರ್, ಇಡೀ ಏಷ್ಯಾದಲ್ಲೇ ಫಸ್ಟ್ ಕರೆಂಟ್ ಬಂದಿದ್ದು ನಮ್ಮ ಕೆಜಿಎಫ್‌ಗೆ!” ಎಲ್ಲರೂ ಏಕಕಾಲಕ್ಕೆ ಕಿಟಕಿಯಿಂದಾಚೆ ನೋಡತೊಡಗುತ್ತಾರೆ. ಆ ಮಾತು ಈ ಬೋಗಿಯಲ್ಲಿ ಎಷ್ಟು ಸಲ ಹುಟ್ಟಿ ಎಷ್ಟು ಸಲ ಸತ್ತಿದೆಯೆಂಬುದು ಅವನಿಗೆ ತಿಳಿಯದು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗೆ ಬಂದದ್ದು 1902ರಲ್ಲಿ ಎಂಬುದು ನಿಜ. ಬೆಂಗಳೂರಿನ ಬೀದಿಗಳಿಗೆ ದೀಪ ಬರಲು ಇನ್ನೂ ಮೂರು ವರ್ಷ ಬೇಕಾಯಿತು ಎಂಬುದೂ ನಿಜ. ಬೆಂಗಳೂರಿನವರ ಎದುರು ಇದನ್ನು ಹೇಳುವಾಗ ಕೆಜಿಎಫ್‌ನವರ ಮುಖವೇ ಬಲ್ಬಿನಂತಾಗುತ್ತದೆ. ಆದರೆ ಡಾರ್ಜಿಲಿಂಗ್‌ನಲ್ಲಿ 1897ಕ್ಕೇ ಪುಟ್ಟ ಜಲವಿದ್ಯುತ್ ಕೇಂದ್ರವಿತ್ತು. ಕಲ್ಕತ್ತೆಯಲ್ಲಿ 1899ರಲ್ಲೇ ಕರೆಂಟಿತ್ತು. ಅಲ್ಲಿಗೆ ಏಷ್ಯಾ ಕೈಬಿಟ್ಟಿತು.

ಅನುಭವಸ್ಥರು ಇದೇ ವಿಷಯವನ್ನು ಎತ್ತುವ ರೀತಿ ಬೇರೆ. “ಆವತ್ತು ಫಸ್ಟು ಅಂತ ಜಗಳ ಆಯ್ತಲ್ಲ, ಅದು ಬಿಡಿ. ಅಷ್ಟು ದೂರಕ್ಕೆ ತಂತಿ ಎಳೆದಿದ್ದು ಹೇಳಿ” ಎನ್ನುತ್ತಾರೆ. 147 ಕಿಲೋಮೀಟರ್! ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಹಿಂದಿನ ಸಲ ಮಾತು ಎಲ್ಲಿ ನಿಂತಿತೆಂದು ಒಪ್ಪಿಕೊಂಡು, ಸೋತ ಭಾಗವನ್ನು ಅಲ್ಲೇ ಬಿಟ್ಟು, ಗಟ್ಟಿ ಉಳಿದದ್ದನ್ನು ಹಿಡಿದು ಮುಂದೆ ಹೋಗುವುದು. ಇದು ಮೊದಲನೇ ನಿಯಮ. ಹುಡುಗ ಎರಡು ತಿಂಗಳಲ್ಲಿ ಕಲಿಯುತ್ತಾನೆ. ಮೂರನೇ ತಿಂಗಳು ಇನ್ನೊಬ್ಬ ಹುಡುಗ ಸೇರುತ್ತಾನೆ.

ಗಡುವು ಮೀರಿದ ವಾದವನ್ನು ಎತ್ತಬಾರದು ಎಂಬುದು ಎರಡನೇ ನಿಯಮ. ಅದನ್ನು ಮುರಿಯುವವರು ಹುಡುಗರಲ್ಲ, ಹಿರಿಯರು. ಕೆಲವರಿಗೆ ಸರಿಯಾದ ಉತ್ತರ ಹೊಳೆಯುವುದು ವಾದ ಮುಗಿದ ಆರು ವರ್ಷದ ಮೇಲೆ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳವಿತ್ತು, ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳ ಸಾಲಿನಲ್ಲಿತ್ತು. ಆಮೇಲೆ ದಕ್ಷಿಣ ಆಫ್ರಿಕಾದವರು ತೋಡುತ್ತಾ ತೋಡುತ್ತಾ ನಾಲ್ಕು ಕಿಲೋಮೀಟರಿನ ಹತ್ತಿರ ಹೋದರು. “ಈಗಲೂ ನಮ್ಮದೇ ಆಳ” ಎಂದು ಒಬ್ಬರು ಯಾವತ್ತೋ ವಾದಿಸಿದ್ದರೆ, ಎದುರಾಳಿ ಆಫ್ರಿಕಾದ ಅಂಕಿಯನ್ನು ಜೇಬಿನಲ್ಲಿಟ್ಟುಕೊಂಡು ವರ್ಷಗಟ್ಟಲೆ ಕಾಯುತ್ತಾರೆ. ಕಡೆಗೆ ಯಾವುದೋ ಮದುವೆ ಊಟದ ಪಂಕ್ತಿಯಲ್ಲಿ ಸಿಕ್ಕಾಗ, ಸಾರು ಬಡಿಸುವ ಹೊತ್ತಿಗೆ ಹೊರಗೆ ತೆಗೆಯುತ್ತಾರೆ. ಅಂದು ವಾದಿಸಿದವರೋ ತಾವು ವಾದಿಸಿದ್ದನ್ನೇ ಮರೆತಿರುತ್ತಾರೆ. “ಹೌದಾ? ಇರಬಹುದು ಬಿಡಿ ಅಣ್ಣ” ಎಂದು ಹಪ್ಪಳ ಮುರಿಯುತ್ತಾರೆ. ಗೆದ್ದವರ ಮುಖದಲ್ಲಿ ಅಷ್ಟು ನಿರಾಸೆಯನ್ನು ಇನ್ನೆಲ್ಲೂ ಕಾಣಲಾಗದು.

ಇಂಥವರಿಗೆ ಕಾನೂನಿನ ನೆರವೂ ಇಲ್ಲ. 1963ರ ಲಿಮಿಟೇಷನ್ ಕಾಯ್ದೆಯ ಪ್ರಕಾರ ಸಾಲ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಆ ಗಡುವಿನೊಳಗೆ ಸಾಲಗಾರ ‘ಹೌದು, ಕೊಡಬೇಕು’ ಎಂದು ಬರೆದು ಸಹಿ ಹಾಕಿದರೆ ಲೆಕ್ಕ ಹೊಸದಾಗಿ ಶುರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಕಲಮು, ಒಮ್ಮೆ ತೀರ್ಮಾನವಾದ ವ್ಯಾಜ್ಯವನ್ನು ಅದೇ ಕಕ್ಷಿದಾರರು ಮತ್ತೆ ಎಳೆದು ತರುವಂತಿಲ್ಲ ಎನ್ನುತ್ತದೆ. ಲೋಕಸಭೆಯ 338ನೇ ನಿಯಮದಂತೆ, ಸದನ ನಿರ್ಧಾರ ಮಾಡಿದ ವಿಷಯವನ್ನೇ ಹೋಲುವ ಪ್ರಸ್ತಾಪವನ್ನು ಅದೇ ಅಧಿವೇಶನದಲ್ಲಿ ಇನ್ನೊಮ್ಮೆ ತರಲಾಗದು. ರೈಲಿನವರು ಈ ಕೊನೆಯ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ. ಅವರ ಲೆಕ್ಕದಲ್ಲಿ ಬೆಳಗಿನ ಗಾಡಿ ಒಂದು ಅಧಿವೇಶನ, ಸಂಜೆಯ ಗಾಡಿ ಇನ್ನೊಂದು.

ತೀರ್ಪೇ ಬರದ ವ್ಯಾಜ್ಯಗಳೂ ಇವೆ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರು. ಊರಿನ ಬಗ್ಗೆ ತಕರಾರಿಲ್ಲ. ಇಸವಿಯ ಬಗ್ಗೆ ಚರಿತ್ರೆಕಾರರಲ್ಲೇ ಒಮ್ಮತವಿಲ್ಲ. ಒಬ್ಬರು 1720 ಎಂದರೆ ಇನ್ನೊಬ್ಬರು 1722 ಎನ್ನುತ್ತಾರೆ, ಅದಕ್ಕೂ ಹಿಂದಕ್ಕೆ ಹೋಗುವವರೂ ಇದ್ದಾರೆ. ಇಂಥ ವಿಷಯವನ್ನು ಯಾರು ಯಾವಾಗ ಬೇಕಾದರೂ ಎತ್ತಬಹುದು, ಯಾರಿಗೂ ಬೇಸರವಿಲ್ಲ. ಸೋಲುವ ಭಯವಿಲ್ಲದ ವಾದಕ್ಕೆ ಗಿರಾಕಿ ಹೆಚ್ಚು.

ಹಳೇ ಚರ್ಚೆಯನ್ನು ಮರ್ಯಾದೆಯಿಂದ ಎಬ್ಬಿಸುವುದು ಹೇಗೆಂದು ಕಲಿಯಬೇಕಾದರೆ ಮಾತ್ರ ರೈಲಿನಿಂದಿಳಿದು ಗಣಿಯ ಆಳಕ್ಕೇ ಹೋಗಬೇಕು. ಚಿನ್ನ ತೆಗೆಯುವವರ ಜೊತೆಗೆ ಕೆಜಿಎಫ್‌ನಲ್ಲಿ ಇನ್ನೊಂದು ಜಾತಿಯ ಜನ ನೆಲದೊಳಕ್ಕೆ ಇಳಿಯುತ್ತಿದ್ದರು: ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಇಲ್ಲಿ ವಿಶ್ವಕಿರಣಗಳನ್ನು ಅಳೆಯಲು ಇಳಿದವರು. ಮೇಲಿನಿಂದ ಬರುವ ಬೇರೆ ಕಣಗಳನ್ನೆಲ್ಲ ಬಂಡೆ ತಡೆದರೆ, ಯಾವುದಕ್ಕೂ ಜಗ್ಗದ ನ್ಯೂಟ್ರಿನೋ ಒಂದೇ ಆಳಕ್ಕೆ ಬರುತ್ತದೆಂಬುದು ಲೆಕ್ಕ. 1965ರಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್‌ನವರ ಜೊತೆಗೂಡಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋದ ಗುರುತು ಹಿಡಿದರು.

ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿ ಭೌತವಿಜ್ಞಾನಿ ಫ್ರೆಡರಿಕ್ ರೈನ್ಸ್ ಅವರ ತಂಡವೂ ಹಿಡಿಯಿತು. ಅದೂ ಚಿನ್ನದ ಗಣಿಯೇ. ಆಫ್ರಿಕಾದವರು ಈ ಊರಿನ ಬೆನ್ನು ಬಿಡುವುದೇ ಇಲ್ಲ. ಕೋಲಾರದವರ ಲೇಖನ ಆಗಸ್ಟ್ ನಡುವಿಗೆ ಅಚ್ಚಾಯಿತು, ರೈನ್ಸ್ ಅವರದು ಸುಮಾರು ಎರಡು ವಾರದ ಮೇಲೆ. ಆದರೆ ಕಣ ಮೊದಲು ಕಣ್ಣಿಗೆ ಬಿದ್ದದ್ದು ಆಫ್ರಿಕಾದಲ್ಲಿ. ಯಾರು ಮೊದಲು? ಭೌತವಿಜ್ಞಾನಿಗಳು ಈ ಮಾತನ್ನು ಎತ್ತುವಾಗ ಎರಡೂ ತಂಡಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ, ತಾರೀಕುಗಳನ್ನು ಪಕ್ಕದಲ್ಲಿಟ್ಟು ಸುಮ್ಮನಾಗುತ್ತಾರೆ. ಕರೆಂಟಿನ ಹುಡುಗ ಇವರ ಪಕ್ಕ ಒಂದು ದಿನ ಕೂತಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಅದಕ್ಕಿಂತ ರುಚಿಯಾದ ಕಥೆ ಮುಂದಿದೆ. 1970ರ ದಶಕದಲ್ಲಿ ಅದೇ ಗಣಿಯ ಉಪಕರಣಗಳಲ್ಲಿ ಯಾವ ಲೆಕ್ಕಕ್ಕೂ ಸಿಗದ ಕೆಲವು ಘಟನೆಗಳು ದಾಖಲಾದವು. ಒಂದೇ ಬಿಂದುವಿನಿಂದ ಹಲವು ಗೆರೆಗಳು ಚಿಮ್ಮಿದ್ದವು. ಆ ಬಿಂದು ನೋಡಿದರೆ ಬಂಡೆಯೊಳಗಲ್ಲ, ಗಾಳಿಯಲ್ಲಿ ಇಲ್ಲವೇ ಉಪಕರಣದ ತೆಳು ಭಾಗದಲ್ಲಿ. ಯಾವುದೋ ಹೊಸ ಕಣ ಒಡೆದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಜಗತ್ತು ಇವನ್ನು ‘ಕೋಲಾರ ಘಟನೆಗಳು’ ಎಂದು ಕರೆಯಿತು. ಬೇರೆ ಕಡೆಯ ವೇಗವರ್ಧಕ ಯಂತ್ರಗಳಲ್ಲಿ ಹುಡುಕಿದವರಿಗೆ ಅಂಥದ್ದು ಸಿಗಲಿಲ್ಲ. 1990ರ ದಶಕದ ಆರಂಭಕ್ಕೆ ಗಣಿಯ ಪ್ರಯೋಗಗಳೂ ನಿಂತವು. ಚರ್ಚೆ ತಣ್ಣಗಾಯಿತು.

2014ರಲ್ಲಿ ಚೆನ್ನೈನ ಭೌತವಿಜ್ಞಾನಿಗಳಾದ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ‘ಪ್ರಮಾಣ’ ಪತ್ರಿಕೆಯಲ್ಲಿ ಪುಟ್ಟ ಲೇಖನ ಬರೆದು ಈ ಮಲಗಿದ್ದ ಮಾತನ್ನು ಎಬ್ಬಿಸಿದರು. ಎಬ್ಬಿಸಿದ ರೀತಿ ನೋಡಿ. ಇದು ಹಳೇ ವಿಷಯ, ಮತ್ತೆ ನೋಡುತ್ತಿದ್ದೇವೆ ಎಂದು ಶೀರ್ಷಿಕೆಯಲ್ಲೇ ಹೇಳಿಕೊಂಡರು. ಹಿಂದಿನವರು ಕಂಡದ್ದನ್ನು ಅವರ ಹೆಸರಿನಲ್ಲೇ ಒಪ್ಪಿಸಿದರು. ಆಗ ಯಾರ ಕೈಯಲ್ಲೂ ಇಲ್ಲದ ಹೊಸ ಸರಕೊಂದನ್ನು ತಂದರು: ಇದು ಕಪ್ಪು ದ್ರವ್ಯದ ಕಣ ಒಡೆದ ಗುರುತಾಗಿರಬಹುದೇ? ‘ಬಹುದೇ’ ಎಂಬುದು ಸೌಜನ್ಯಕ್ಕೆ ಸೇರಿಸಿದ್ದಲ್ಲ. ಶೀರ್ಷಿಕೆಯ ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೇ ಇದೆ. ಸುಳ್ಳೋ ನಿಜವೋ ಎಂದು ಪರೀಕ್ಷಿಸಲು ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಕಟ್ಟಬೇಕೆಂದಿದ್ದ ನ್ಯೂಟ್ರಿನೋ ವೀಕ್ಷಣಾಲಯದತ್ತಲೂ ಕೈತೋರಿಸಿದರು. ಆ ವೀಕ್ಷಣಾಲಯ ಬೇಕೇ ಬೇಡವೇ ಎಂಬುದು ಬೇರೆಯದೇ ಹಳೇ ಜಗಳವಾಗಿ ಕೂತದ್ದು ಅವರ ತಪ್ಪಲ್ಲ.

ಇಷ್ಟು ಚೆನ್ನಾಗಿ ಎಬ್ಬಿಸಿದ್ದರೆ ಎಂಥ ಬೋಗಿಯಲ್ಲೂ ಯಾರೂ ಕಿಟಕಿ ನೋಡುತ್ತಿರಲಿಲ್ಲ.

ಈ ಎಲ್ಲ ನಿಯಮಗಳನ್ನು ಬದಿಗಿಟ್ಟು ಮೆಲ್ಲಗೆ ಮಾತಾಡಬೇಕಾದ ವಿಷಯವೊಂದಿದೆ: ಗಣಿ ಮತ್ತೆ ಶುರುವಾಗುತ್ತದಾ? ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿಂದ ಈಚೆಗೆ ಈ ಪ್ರಶ್ನೆಯನ್ನು ಜನರಿಗಿಂತ ಹೆಚ್ಚಾಗಿ ಎತ್ತಿದ್ದು ಸರ್ಕಾರಗಳೇ, ಅದೂ ಚುನಾವಣೆಯ ಆಸುಪಾಸಿನಲ್ಲಿ. 2013ರಲ್ಲಿ ಸುಪ್ರೀಂ ಕೋರ್ಟು ಜಾಗತಿಕ ಟೆಂಡರಿಗೆ ದಾರಿ ಬಿಟ್ಟಾಗ ಒಂದು ಸಲ ಎದ್ದಿತು. 2018 ಮತ್ತು 2022ರಲ್ಲಿ ‘ಕೆಜಿಎಫ್’ ಸಿನಿಮಾಗಳು ಬಂದಾಗ, ಗಣಿಯನ್ನು ಪರದೆಯಲ್ಲಿ ಮಾತ್ರ ಕಂಡವರು ಎಬ್ಬಿಸಿದರು. “ನಿಮ್ಮೂರಲ್ಲಿ ಇನ್ನೂ ಚಿನ್ನ ಇದೆಯಂತಲ್ಲ?” ಎಂದು ಬೆಂಗಳೂರಿನ ಆಫೀಸಿನವರು ನಗುನಗುತ್ತಾ ಕೇಳಿದರೆ, ಅಪ್ಪನ ಕೆಲಸ ಹೋದ ದಿನ ನೆನಪಿರುವವನು ತಾನೂ ನಕ್ಕು ಟಿಫನ್ ಡಬ್ಬಿ ಮುಚ್ಚುತ್ತಾನೆ. ಕೇಳುವವರಿಗೆ ಹವ್ಯಾಸ, ಹೇಳುವವರಿಗೆ ಬದುಕು. ಇಲ್ಲಿ ಮಾತನ್ನು ಮೊದಲು ಎತ್ತುವ ಹಕ್ಕು ಮನೆಯವರದು.

ಮನೆಯವರು ಎತ್ತಿದಾಗ ಅದರ ಧಾಟಿಯೇ ಬೇರೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸಾವಿರ ಎಕರೆಯಷ್ಟು ಜಾಗದಲ್ಲಿ ಹರಡಿರುವ 13 ಸೈನೈಡ್ ದಿಬ್ಬಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಚಿನ್ನ ತೆಗೆದಾದ ಮೇಲೆ ಎಸೆದ ಮಣ್ಣು ಅದು, ಸುಮಾರು 3.3 ಕೋಟಿ ಟನ್. ಹಳೇ ವಿಧಾನಕ್ಕೆ ಸಿಗದೆ ಉಳಿದ ಚೂರುಪಾರು ಚಿನ್ನವನ್ನು ಹೊಸ ವಿಧಾನದಲ್ಲಿ, ಇವತ್ತಿನ ದರದಲ್ಲಿ ತೆಗೆದರೆ ಗಿಟ್ಟುತ್ತದೆಂಬ ಲೆಕ್ಕ. ಒಂದು ಸಲ ಅರೆದು ಬಿಟ್ಟದ್ದನ್ನು ಮತ್ತೆ ಅರೆಯಲು ಗಣಿಯವರಿಗೂ ಹೊಸ ಕಾರಣ ಬೇಕು. ಸಂಜೆಯ ಗಾಡಿಯಲ್ಲಿ ಆ ಸುದ್ದಿ ಬಂದಾಗ ಎಷ್ಟು ಚಿನ್ನ ಎಂಬ ಪ್ರಶ್ನೆ ಹಿಂದೆ ಸರಿಯಿತು. ಕೆಲಸ ಯಾರಿಗೆ? ಕಂಟ್ರಾಕ್ಟು ಯಾರಿಗೆ? ಗಾಳಿಗೆ ಮನೆಯೊಳಕ್ಕೆ ನುಗ್ಗುವ ದಿಬ್ಬದ ಧೂಳು ಇನ್ನಾದರೂ ನಿಲ್ಲುತ್ತದಾ? ಇಪ್ಪತ್ತು ವರ್ಷದ ಹಳೇ ಚರ್ಚೆಗೆ ಮೂರು ಹೊಸ ಪ್ರಶ್ನೆ ಹುಟ್ಟಿಕೊಂಡವು.

ಇನ್ನು ಯಾವ ಕ್ರಮಕ್ಕೂ ಬಗ್ಗದ ವಿಷಯ ಬಂಗಾರಪೇಟೆಯ ಪಾನಿಪುರಿ. ಅದರ ಪಾನಿಗೆ ಬಣ್ಣವಿಲ್ಲ, ಲೋಟದಲ್ಲಿಟ್ಟರೆ ಕುಡಿಯುವ ನೀರೆಂದು ಮೋಸಹೋಗಬೇಕು. ಬಾಯಿಗೆ ಹಾಕಿದರೆ ಕಿವಿಯಲ್ಲಿ ಹೊಗೆ. ಬೆಂಗಳೂರಿನ ಬೀದಿಬೀದಿಯಲ್ಲಿ ‘ಬಂಗಾರಪೇಟೆ ಚಾಟ್ಸ್’ ಎಂಬ ಬೋರ್ಡಿದೆ. ಅವುಗಳಲ್ಲಿ ಯಾವುದು ಅಸಲಿ, ಊರಿನಲ್ಲೇ ಯಾರ ಗಾಡಿಯದು ಮೊದಲು, ಬಣ್ಣವಿಲ್ಲದ ನೀರಿಗೆ ಅಷ್ಟು ಖಾರ ಹೇಗೆ ಬಂತು? ಈ ಚರ್ಚೆಯನ್ನು ಹಿಂದಿನ ಸಲ ಎಲ್ಲಿ ನಿಂತಿತೆಂದು ವಿಚಾರಿಸದೆ ಎತ್ತಬಹುದು, ಸೋತವರೂ ಎತ್ತಬಹುದು, ಅದೇ ಅಧಿವೇಶನದಲ್ಲಿ ಎರಡು ಸಲ ಎತ್ತಬಹುದು. ಸಂಜೆ ಜಂಕ್ಷನ್ನಿನಲ್ಲಿ ಇಳಿದವರು ಸಾಕ್ಷ್ಯಕ್ಕೆಂದು ನೇರ ಗಾಡಿಯ ಮುಂದೆ ನಿಲ್ಲುತ್ತಾರೆ. ಒಂದು ಪ್ಲೇಟಿಗೆ ತೀರ್ಮಾನವಾಗದಿದ್ದರೆ ಇನ್ನೊಂದು ಪ್ಲೇಟು, ದುಡ್ಡು ಮಾತು ಎತ್ತಿದವರದು.